ಮುರಿದ ಶಾಫ್ಟು, ಕನ್ನಂಬಾಡಿ ಮತ್ತು ತಜ್ಞ ಸಾಕ್ಷಿ



೨೦೨೧ರ ಡಿಸೆಂಬರ್ ಕೊನೆಯ ವಾರದಲ್ಲಿ ಪೀಣ್ಯದ ಮೇಲ್ಸೇತುವೆಯನ್ನು ಮುಚ್ಚಿದಾಗ ತುಮಕೂರು ರಸ್ತೆಯ ಆಚೀಚೆ ವಾಸಿಸುವ ನಾವೆಲ್ಲ ಬಹುಕಾಲ ಒಂದೇ ಮಾತನ್ನು ಕೇಳಿಕೊಳ್ಳುತ್ತಿದ್ದೆವು: "ತಜ್ಞರು ಏನು ಹೇಳಿದರಂತೆ?" ಗೊರಗುಂಟೆಪಾಳ್ಯದಿಂದ ನಾಗಸಂದ್ರದ ಕಡೆಗೆ ಹೋಗುವ ಆ ಸೇತುವೆ ೨೦೧೦ರಲ್ಲಿ ಸಂಚಾರಕ್ಕೆ ತೆರೆದದ್ದು. ೧೦೨ ಮತ್ತು ೧೦೩ನೆಯ ಕಂಬಗಳ ನಡುವಿನ ಕೇಬಲ್ಲುಗಳಲ್ಲಿ ದೋಷ ಕಂಡಿತೆಂದು ಮುಚ್ಚಿದರು. ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರು ಬಂದು ಪರೀಕ್ಷಿಸಿದರು. ೨೦೨೨ರ ಫೆಬ್ರವರಿಯಲ್ಲಿ ಲಘು ವಾಹನಗಳನ್ನು ಬಿಟ್ಟರು. ಹೊಸ ಕೇಬಲ್ಲುಗಳನ್ನು ಅಳವಡಿಸಿ, ಭಾರ ಹೇರಿ ಪರೀಕ್ಷೆ ನಡೆಸಿ, ಭಾರಿ ವಾಹನಗಳಿಗೆ ಅನುಮತಿ ಕೊಡುವ ಹೊತ್ತಿಗೆ ೨೦೨೪ರ ಜುಲೈ ಬಂದಿತ್ತು.

ಆ ದಿನಗಳಲ್ಲಿ ಬೆಳಗಿನ ವಾಯುವಿಹಾರದ ನನ್ನ ಜೊತೆಗಾರರೊಬ್ಬರು, "ಬೀಳುತ್ತದೋ ಇಲ್ಲವೋ, ಅಷ್ಟು ಹೇಳುವುದಕ್ಕೆ ಎರಡು ವರ್ಷ ಬೇಕೇನ್ರೀ ಮೇಷ್ಟ್ರೇ?" ಎಂದು ರೇಗಿದರು. ಬೀಳುತ್ತದೋ ಇಲ್ಲವೋ ಎಂಬುದು ನಮ್ಮ ನಿಮ್ಮ ಪ್ರಶ್ನೆ. ಎಷ್ಟು ಭಾರವನ್ನು ಹೊರಬಲ್ಲದು ಎಂಬುದು ತಜ್ಞರ ಪ್ರಶ್ನೆ. ಇವೆರಡೂ ಒಂದೇ ಅಲ್ಲವೆಂದು ಅವರಿಗೆ ಹೇಳುತ್ತಿರುವಾಗಲೇ, ಹತ್ತು ವರ್ಷಗಳ ಹಿಂದೆ ನನ್ನ ಮೇಜಿನ ಮೇಲೆ ಬಂದು ಕುಳಿತಿದ್ದ ಮುರಿದ ಉಕ್ಕಿನ ತುಂಡೊಂದು ನೆನಪಾಯಿತು. ಅದರ ಕಥೆಯನ್ನು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಇತಿಹಾಸದ ಮೇಷ್ಟರಾದ್ದರಿಂದ ಕಥೆಯ ನಡುವೆ ಇತಿಹಾಸವೂ ನುಸುಳುತ್ತದೆ. ನನ್ನ ಪಾಠ ಕೇಳಿದವರಿಗೆ ಇದೇನೂ ಹೊಸದಲ್ಲ.

ನಾನು ಬಿ.ಇಡಿ. ಮುಗಿಸಿ ದಾಸರಹಳ್ಳಿಯ ಕಡೆ ಕೆಲಸಕ್ಕೆ ಸೇರಿದಾಗ ಪೀಣ್ಯ ಕೈಗಾರಿಕಾ ಪ್ರದೇಶವಾಗಿ ಹತ್ತಾರು ವರ್ಷ ಕಳೆದಿತ್ತು. ಆದರೂ ಎಂಟನೆಯ ಮೈಲಿಯಲ್ಲಿ ಬಸ್ಸಿಳಿದು ಶಾಲೆಗೆ ನಡೆಯುವ ದಾರಿಯಲ್ಲಿ ರಾಗಿಯ ಹೊಲಗಳಿದ್ದವು. ನಮ್ಮ ಶಾಲೆಯ ಮಕ್ಕಳಲ್ಲಿ ಅರ್ಧದಷ್ಟು ಮಂದಿಯ ತಂದೆಯರು ಲೇತು, ಮಿಲ್ಲಿಂಗು, ಗ್ರೈಂಡಿಂಗು ಯಂತ್ರಗಳ ಮುಂದೆ ನಿಂತು ದುಡಿಯುವವರು. ಅಂಥ ಮನೆಯ ಹುಡುಗನೊಬ್ಬ ಎಸ್.ಎಸ್.ಎಲ್.ಸಿ. ಮುಗಿಸಿ ಡಿಪ್ಲೊಮಾ ಮಾಡಿ, ಕೆಲವು ವರ್ಷ ಬೇರೆಯವರಲ್ಲಿ ದುಡಿದು, ಪೀಣ್ಯದ ಎರಡನೆಯ ಹಂತದಲ್ಲಿ ಬಾಡಿಗೆ ಶೆಡ್ಡಿನಲ್ಲಿ ತನ್ನದೇ ವರ್ಕ್‌ಶಾಪು ತೆರೆದ. ಅವನ ಹೆಸರು ಬೇಡ. ಓದುತ್ತಿದ್ದರೆ ತಾನೇ ಎಂದು ಅವನಿಗೆ ತಿಳಿಯುತ್ತದೆ.

೨೦೧೧ರಲ್ಲಿ ಒಂದು ಭಾನುವಾರ ಅವನು ಮನೆಗೆ ಬಂದ. ಚೀಲದಿಂದ ಶಾಫ್ಟಿನ ತುಂಡೊಂದನ್ನು ತೆಗೆದು ಮೇಜಿನ ಮೇಲಿಟ್ಟು, ಅದರ ಪಕ್ಕದಲ್ಲಿ ಒಂದು ಪ್ರಯೋಗಾಲಯದ ವರದಿಯನ್ನು ಇಟ್ಟ. ಅವನು ಒಂದು ಯಂತ್ರಕ್ಕೆಂದು ನಕ್ಷೆ ಬರೆದುಕೊಟ್ಟು, ಇನ್ನೊಂದು ಸಣ್ಣ ಕಾರ್ಖಾನೆಯಿಂದ ೧೨ ಶಾಫ್ಟುಗಳನ್ನು ಮಾಡಿಸಿದ್ದ. 'ಇಎನ್ ೨೪' ಎಂಬ ಜಾತಿಯ ಉಕ್ಕಿನಲ್ಲಿ, ಹದ ಮಾಡಿ ಕೊಡಬೇಕೆಂಬುದು ಮಾತು. ಅವುಗಳಲ್ಲಿ ಮೂರು, ಗಿರಾಕಿಯ ಯಂತ್ರದಲ್ಲಿ ಕೆಲವೇ ತಿಂಗಳಲ್ಲಿ ಮುರಿದವು. ಇವನು ಬಾಕಿ ಹಣವನ್ನು ತಡೆಹಿಡಿದ. ಮಾಡಿಕೊಟ್ಟವರು ೩ ಲಕ್ಷ ೮೦ ಸಾವಿರ ರೂಪಾಯಿಯ ವಸೂಲಿಗೆ ದಾವೆ ಹೂಡಿದರು. ಕಳಪೆ ಮಾಲೆಂದು ಇವನು ಪ್ರತಿಹಕ್ಕು ಸಾಧಿಸಿದ. ಅದನ್ನು ರುಜುವಾತುಪಡಿಸಲು ತುಂಡನ್ನು ತಾನೇ ಪ್ರಯೋಗಾಲಯಕ್ಕೆ ಒಯ್ದು, "ಇದರ ಗಡಸುತನ ಪರೀಕ್ಷಿಸಿ ವರದಿ ಕೊಡಿ" ಎಂದು ಒಂದು ಸಾಲಿನ ಪತ್ರ ಕೊಟ್ಟಿದ್ದ.

ವರದಿಯೂ ಒಂದೇ ಸಾಲಿನದು. ಗಡಸುತನ ಇಷ್ಟು. ನಕ್ಷೆಯಲ್ಲಿ ಕೇಳಿದ್ದೂ ಅಷ್ಟೇ! ಕೆಳಗೆ ಸಣ್ಣ ಅಕ್ಷರದಲ್ಲಿ, ಈ ಫಲಿತಾಂಶ ತಮಗೆ ತಲುಪಿದ ಮಾದರಿಗೆ ಮಾತ್ರ ಸಂಬಂಧಿಸಿದ್ದು ಎಂಬ ಒಕ್ಕಣೆ. ಅಂದರೆ ಹಣ ಕೊಟ್ಟು ಎದುರಾಳಿಗೆ ಅನುಕೂಲವಾಗುವ ಕಾಗದವನ್ನು ತಂದಿದ್ದ. ಅದು ಅವನ ಪರವಾಗಿ ಇದ್ದಿದ್ದರೂ ನಿಲ್ಲುತ್ತಿರಲಿಲ್ಲ. ತುಂಡನ್ನು ತೆಗೆದವರು ಯಾರು, ಮೊಹರು ಮಾಡಿದ್ದಿರಾ, ನಮಗೆ ತಿಳಿಸಿ ತೆಗೆದಿರಾ, ಇದು ನಾವು ಕೊಟ್ಟ ಶಾಫ್ಟೇ ಎನ್ನಲು ಏನು ಆಧಾರ ಎಂದು ಎದುರು ವಕೀಲರು ಪಾಟೀಸವಾಲಿನಲ್ಲಿ ಕೇಳಿದರೆ ಅವನಲ್ಲಿ ಉತ್ತರವಿರಲಿಲ್ಲ.

"ಶಾಫ್ಟ್ ಮುರಿದಿರೋದು ಕಣ್ಣಿಗೆ ಕಾಣ್ತಿದೆಯಲ್ಲ ಸಾರ್, ಇನ್ನೇನು ಬೇಕು?" ಎಂದ.

"ನಿನಗೆ ಬೇಕಾಗಿದ್ದದ್ದು ಅದು ಯಾಕೆ ಮುರಿಯಿತು ಅನ್ನೋದಲ್ಲವೇನಪ್ಪ? ನೀನು ಕೇಳಿರೋದು ಎಷ್ಟು ಗಟ್ಟಿ ಇದೆ ಅಂತ" ಎಂದೆ.

ಮೂವತ್ತು ಚಿಲ್ಲರೆ ವರ್ಷ ಪ್ರಶ್ನೆಪತ್ರಿಕೆ ತಯಾರಿಸಿದವನಿಗೆ ಇದು ಚೆನ್ನಾಗಿ ಗೊತ್ತು. "ಅಶೋಕನ ಬಗ್ಗೆ ಬರೆಯಿರಿ" ಎಂದು ಕೇಳಿದರೆ ಹುಡುಗರು ಸಾಲುಮರ ನೆಡಿಸಿದ ಎಂದು ಬರೆದಿರುತ್ತಾರೆ. ಕಳಿಂಗ ಯುದ್ಧದ ಪರಿಣಾಮ ಬೇಕಿದ್ದರೆ ಅದನ್ನೇ ಕೇಳಬೇಕು. ಮೌಲ್ಯಮಾಪನದ ಕೊಠಡಿಯಲ್ಲಿ ಕುಳಿತು ಹುಡುಗರನ್ನು ಬೈದು ಪ್ರಯೋಜನವಿಲ್ಲ.

ಆ ರಾತ್ರಿ ನನಗೆ ಹತ್ತಿದ ಕುತೂಹಲ ಇಷ್ಟು: ತಾನು ಕಣ್ಣಾರೆ ಕಾಣದ ಸಂಗತಿಯ ಬಗ್ಗೆ ಅಭಿಪ್ರಾಯ ಹೇಳುವ ಸಾಕ್ಷಿಯನ್ನು ನ್ಯಾಯಾಲಯಗಳು ಯಾವಾಗಿನಿಂದ ಒಳಗೆ ಬಿಟ್ಟುಕೊಂಡವು? ಅವನಿಗೆ ಪ್ರಶ್ನೆ ಬರೆದುಕೊಡುವವರು ಯಾರು?

ನಮ್ಮ ನಾಡಿನಿಂದಲೇ ಆರಂಭಿಸಬಹುದು. ಇಂದಿನ ಬಸವಕಲ್ಯಾಣ ಚಾಲುಕ್ಯ ವಿಕ್ರಮಾದಿತ್ಯನ ರಾಜಧಾನಿಯಾಗಿದ್ದಾಗ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದದ್ದು ಎಂಟನೆಯ ತರಗತಿಯಲ್ಲಿ ನಾನು ಹೇಳಿಕೊಟ್ಟದ್ದೇ. ಆ ಸ್ಮೃತಿಯ ವ್ಯವಹಾರಕಾಂಡದಲ್ಲಿ ಗಡಿ ವ್ಯಾಜ್ಯಗಳ ಪ್ರಕರಣವೊಂದಿದೆ. ಎರಡು ಹೊಲಗಳ ನಡುವೆ ಎಲ್ಲೆ ಎಲ್ಲಿದೆಯೆಂದು ಹೇಳಬೇಕಾದವರು ಯಾರು? ಅಕ್ಕಪಕ್ಕದವರು, ಹಿರಿಯರು, ದನಗಾಹಿಗಳು, ಎಲ್ಲೆಯಲ್ಲಿ ಉಳುವವರು, ಕಾಡಿನಲ್ಲಿ ಅಲೆಯುವವರು. ಎತ್ತರದ ದಿಣ್ಣೆ, ಮರ, ಇದ್ದಿಲು, ಹೊಟ್ಟು ಮುಂತಾದ ಗುರುತುಗಳನ್ನು ನೋಡಿ ಅವರು ಎಲ್ಲೆಯನ್ನು ನಿಶ್ಚಯಿಸಬೇಕು. ಪಂಡಿತರಿಗಲ್ಲ, ದನ ಕಾಯುವವನಿಗೆ ಈ ಅಧಿಕಾರ ಕೊಟ್ಟದ್ದು ನನಗೆ ಬಹಳ ಇಷ್ಟವಾದ ಸಂಗತಿ. ಆ ನೆಲವನ್ನು ದಿನವೂ ಮೆಟ್ಟಿದವನಿಗೆ ತಾನೇ ಅದರ ಓದು ಗೊತ್ತಿರುವುದು. ಎಲ್ಲೆ ತೋರಿಸುವವನು ಕೆಂಪು ಹೂಮಾಲೆ ತೊಟ್ಟು, ಕೆಂಪು ಬಟ್ಟೆಯುಟ್ಟು, ತಲೆಯ ಮೇಲೆ ಮಣ್ಣು ಹೊತ್ತು ನಡೆಯಬೇಕೆಂಬ ವಿಧಿಯೂ ಉಂಟು. ತನ್ನನ್ನು ಕರೆತಂದ ರೈತನ ಋಣವನ್ನು ಪಕ್ಕಕ್ಕಿಟ್ಟು, ಆ ಹೊತ್ತಿಗೆ ಅವನು ಮಣ್ಣಿನ ಕಡೆಯವನಾಗಬೇಕೆಂಬುದು ಅದರ ಅರ್ಥವಿರಬೇಕೆಂದು ನನ್ನ ಊಹೆ.

ಇನ್ನು ನಾವು ಇಂದು ಅನುಸರಿಸುತ್ತಿರುವ ಪದ್ಧತಿಯ ಬೇರು ಇಂಗ್ಲೆಂಡಿನ ಒಂದು ಹೂಳಿನ ಜಗಳದಲ್ಲಿದೆ. ನಾರ್ಫೋಕ್ ಸೀಮೆಯ ವೆಲ್ಸ್ ಎಂಬ ಸಣ್ಣ ಬಂದರಿನಲ್ಲಿ ಹೂಳು ತುಂಬತೊಡಗಿತು. ಜೌಗು ನೆಲವನ್ನು ಸಾಗುವಳಿಗೆ ತರಲು ಜಮೀನುದಾರರು ಕಟ್ಟಿದ ಒಡ್ಡೇ ಇದಕ್ಕೆ ಕಾರಣವೆಂದು ಬಂದರಿನವರು ಹೇಳಿದರು. ಜಮೀನುದಾರ ಫೋಕ್ಸ್ ತನ್ನ ಪರವಾಗಿ ಜಾನ್ ಸ್ಮೀಟನ್ ಎಂಬ ಎಂಜಿನಿಯರನ್ನು ಕರೆತಂದ. ಈ ಸ್ಮೀಟನ್ ಎಡಿಸ್ಟೋನ್ ದೀಪಸ್ತಂಭವನ್ನು ಕಟ್ಟಿದ ಮಹಾನುಭಾವ, ತನ್ನನ್ನು 'ಸಿವಿಲ್ ಎಂಜಿನಿಯರ್' ಎಂದು ಕರೆದುಕೊಂಡವರಲ್ಲಿ ಮೊದಲಿಗ. ಹೂಳಿಗೆ ಒಡ್ಡು ಕಾರಣವಲ್ಲವೆಂದು ಆತ ಹೇಳಹೊರಟಾಗ, ಇದು ಕಂಡ ಸಂಗತಿಯಲ್ಲ, ಬರಿಯ ಅಭಿಪ್ರಾಯವೆಂಬ ಆಕ್ಷೇಪಕ್ಕೆ ವಿಚಾರಣೆಯ ನ್ಯಾಯಾಧೀಶರು ಮನ್ನಣೆ ಕೊಟ್ಟು ಆ ಸಾಕ್ಷ್ಯವನ್ನು ತಳ್ಳಿಹಾಕಿದರು. ೧೭೮೨ರಲ್ಲಿ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಅದನ್ನು ಒಪ್ಪಲಿಲ್ಲ. ಒಂದು ಶಾಸ್ತ್ರವನ್ನು ಬಲ್ಲವರು ರುಜುವಾತಾದ ಸಂಗತಿಗಳ ಮೇಲೆ ತಮ್ಮ ಶಾಸ್ತ್ರದ ಮಿತಿಯೊಳಗೆ ಅಭಿಪ್ರಾಯ ಕೊಡಬಹುದೆಂದು ಹೇಳಿ ಮರುವಿಚಾರಣೆಗೆ ಕಳಿಸಿದರು. ಗಮನಿಸಿ: ಸಂಗತಿಗಳು ಮೊದಲು ರುಜುವಾತಾಗಬೇಕು. ನನ್ನ ಶಿಷ್ಯನ ತುಂಡು ಎಡವಿದ್ದು ಇಲ್ಲಿಯೇ.

ತೊಂಬತ್ತು ವರ್ಷಗಳ ತರುವಾಯ ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್ ರಚಿಸಿದ ಭಾರತೀಯ ಸಾಕ್ಷ್ಯ ಅಧಿನಿಯಮ ೧೮೭೨ರ ಸೆಪ್ಟೆಂಬರ್ ೧ರಿಂದ ಜಾರಿಗೆ ಬಂದಿತು. ಅದರ ೪೫ನೆಯ ಪ್ರಕರಣದಲ್ಲಿ ವಿದೇಶದ ಕಾನೂನು, ವಿಜ್ಞಾನ, ಕಲೆ, ಕೈಬರಹ ಇವುಗಳಲ್ಲಿ ವಿಶೇಷ ಪರಿಣತಿಯುಳ್ಳವರ ಅಭಿಪ್ರಾಯಕ್ಕೆ ಸ್ಥಾನ ದೊರೆಯಿತು. ಬೆರಳಚ್ಚು ಆಮೇಲೆ ಸೇರಿತು. ಅಭಿಪ್ರಾಯಕ್ಕೆ ಆಧಾರವೇನೆಂಬುದನ್ನೂ ನ್ಯಾಯಾಲಯ ಕೇಳಬಹುದೆಂದು ೫೧ನೆಯ ಪ್ರಕರಣ ಹೇಳಿತು. ಆದರೆ ತಜ್ಞನಿಗೆ ಪ್ರಶ್ನೆಯನ್ನು ಹೇಗೆ ಒಪ್ಪಿಸಬೇಕೆಂಬ ಬಗ್ಗೆ ಆ ಅಧಿನಿಯಮ ಏನನ್ನೂ ಹೇಳಲಿಲ್ಲ.

ಇದರ ಕಷ್ಟ ನಮ್ಮ ಮೈಸೂರಿಗೆ ತಟ್ಟಿದ್ದು ಕಾವೇರಿಯ ವಿಷಯದಲ್ಲಿ. ಅದು ಸಿವಿಲ್ ನ್ಯಾಯಾಲಯದ ದಾವೆಯಲ್ಲ, ಎರಡು ಸರ್ಕಾರಗಳ ನಡುವಿನ ಪಂಚಾಯಿತಿ. ಆದರೂ ತಜ್ಞರ ಮಾತನ್ನು ನ್ಯಾಯದ ತಕ್ಕಡಿಯಲ್ಲಿ ತೂಗುವ ಸಂಕಟವನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಪ್ರಸಂಗ ನಮ್ಮ ಚರಿತ್ರೆಯಲ್ಲಿ ನನಗೆ ಕಂಡಿಲ್ಲ.

೧೮೯೨ರ ಒಪ್ಪಂದದ ಪ್ರಕಾರ ಮೈಸೂರು ಕೆಲವು ನದಿಗಳ ಮೇಲೆ ಹೊಸ ಜಲಾಶಯ ಕಟ್ಟಬೇಕಾದರೆ ಮದ್ರಾಸಿನ ಒಪ್ಪಿಗೆ ಪಡೆಯಬೇಕಿತ್ತು. ಈಗಾಗಲೇ ಗಳಿಸಿ, ವಾಸ್ತವವಾಗಿ ಅನುಭವಿಸುತ್ತಿರುವ ಹಕ್ಕಿನ ರಕ್ಷಣೆಗೆ ಹೊರತು ಮದ್ರಾಸು ಒಪ್ಪಿಗೆಯನ್ನು ನಿರಾಕರಿಸುವಂತಿರಲಿಲ್ಲ. ವಿಶ್ವೇಶ್ವರಯ್ಯನವರು ೧೯೦೯ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾದ ಮೇಲೆ ಕನ್ನಂಬಾಡಿಯ ಯೋಜನೆ ರೂಪುಗೊಂಡಿತು. ಮೈಸೂರು ೪೧.೫ ಟಿಎಂಸಿ ನೀರು ನಿಲ್ಲುವ ಕಟ್ಟೆಯನ್ನು ಕೇಳಿತು. ಮದ್ರಾಸಿಗೆ ಮೆಟ್ಟೂರಿನಲ್ಲಿ ತನ್ನದೇ ಕಟ್ಟೆಯ ಯೋಜನೆಯಿತ್ತು, ಅದು ಒಪ್ಪಲಿಲ್ಲ. ಭಾರತ ಸರ್ಕಾರ ಮೊದಲ ಹಂತದಲ್ಲಿ ೧೧ ಟಿಎಂಸಿಗೆ ಅನುಮತಿ ಕೊಟ್ಟಿತು. ೧೯೧೧ರಲ್ಲಿ ಕೆಲಸ ಆರಂಭಿಸಿದ ಮೈಸೂರು, ಪೂರ್ಣ ಎತ್ತರದ ಕಟ್ಟೆಗೆ ಸಾಲುವಷ್ಟು ಅಗಲದ ಅಡಿಪಾಯವನ್ನೇ ಹಾಕಿತು. ಜಗಳ ಪಂಚಾಯಿತಿಗೆ ಹೋಯಿತು.

ಪಂಚಾಯಿತಿದಾರರಾಗಿ ಬಂದವರು ಅಲಹಾಬಾದ್ ಹೈಕೋರ್ಟಿನ ಸರ್ ಹೆನ್ರಿ ಗ್ರಿಫಿನ್. ವಿಚಾರಣೆ ೧೯೧೩ರ ಜುಲೈಯಲ್ಲಿ ಆರಂಭವಾಯಿತು. ಅವರು ಕಾನೂನು ಬಲ್ಲವರು, ನೀರಿನ ಲೆಕ್ಕ ಅವರ ವಿದ್ಯೆಯಲ್ಲ. ಮೈಸೂರಿನ ಲೆಕ್ಕ ಹೇಳುವವರು ಕಟ್ಟೆ ಕಟ್ಟುವ ಎಂಜಿನಿಯರುಗಳು, ಮದ್ರಾಸಿನ ಲೆಕ್ಕ ಹೇಳುವವರು ತಂಜಾವೂರಿಗೆ ನೀರು ಹರಿಸುವ ಎಂಜಿನಿಯರುಗಳು. ಯೋಜನೆಯ ಕರ್ತೃವಾದ ವಿಶ್ವೇಶ್ವರಯ್ಯನವರು ಆ ವೇಳೆಗೆ ಮೈಸೂರಿನ ದಿವಾನರೂ ಆಗಿದ್ದರು. ಅವರ ಪ್ರಾಮಾಣಿಕತೆಯನ್ನು ಯಾರೂ ಶಂಕಿಸುವ ಹಾಗಿಲ್ಲ, ನಾನಂತೂ ಶಂಕಿಸುವವನಲ್ಲ. ಆದರೆ ತಜ್ಞನೂ ಕಕ್ಷಿದಾರನೂ ಒಂದೇ ಪಂಕ್ತಿಯಲ್ಲಿ ಕುಳಿತಾಗ ಕೇಳುವವನು ಯಾರ ಅಂಕಿಯನ್ನು ನಂಬಬೇಕು? ಅದಕ್ಕಾಗಿಯೇ ಭಾರತ ಸರ್ಕಾರದ ನೀರಾವರಿ ಮಹಾನಿರೀಕ್ಷಕ ನೆದರ್‌ಸೋಲರನ್ನು ಗ್ರಿಫಿನ್ನರ ಪಕ್ಕದಲ್ಲಿ ತಾಂತ್ರಿಕ ಸಲಹೆಗಾರರಾಗಿ ಕೂರಿಸಿದರು. ಎರಡೂ ಕಡೆಯವರಿಗೆ ಸೇರದ ತಜ್ಞ, ನ್ಯಾಯದ ಆಸನದ ಮಗ್ಗುಲಲ್ಲಿ.

೧೯೧೪ರ ಮೇ ೧೨ರಂದು ತೀರ್ಪು ಬಂದಿತು. ನನಗೆ ಮುಖ್ಯವಾಗಿ ಕಾಣುವುದು ಅಲ್ಲಿ ಪ್ರಶ್ನೆ ತಿರುಗಿದ ಬಗೆ. ಕಟ್ಟೆ ಎಷ್ಟು ಎತ್ತರವಿರಬೇಕೆಂಬ ಜಗಳ, ನದಿಯಲ್ಲಿ ಎಷ್ಟು ನೀರು ಹರಿಯುತ್ತಿರುವಾಗ ಮೈಸೂರು ನೀರನ್ನು ಹಿಡಿದಿಡಬಹುದು ಎಂಬ ಅಳತೆಯ ಪ್ರಶ್ನೆಯಾಯಿತು. ತಜ್ಞರು ಉತ್ತರಿಸಬಲ್ಲ ಪ್ರಶ್ನೆಯೆಂದರೆ ಅದು. ಮೈಸೂರಿಗೆ ಅನುಕೂಲವಾಗಿದ್ದ ಆ ತೀರ್ಪನ್ನು ಭಾರತ ಸರ್ಕಾರ ೧೯೧೬ರಲ್ಲಿ ಒಪ್ಪಿತು. ಮದ್ರಾಸು ಲಂಡನ್ನಿನ ಭಾರತ ಮಂತ್ರಿಯವರೆಗೆ ದೂರು ಒಯ್ದು ತಡೆ ತಂದಿತು. ಅದರ ಆಕ್ಷೇಪದ ತಿರುಳೂ ಅಳತೆಯದೇ. ಮಾಪಕದಲ್ಲಿ ಇಷ್ಟು ಅಡಿ ನೀರು ಕಂಡರೆ ಹರಿಯುತ್ತಿರುವುದು ಇಷ್ಟು ಕ್ಯೂಸೆಕ್ಸ್ ಎಂದು ನೀವು ಹಾಕಿದ ಲೆಕ್ಕ ತಪ್ಪು ಎಂಬುದು. ಕೊನೆಗೆ ಎರಡೂ ಕಡೆಯ ಎಂಜಿನಿಯರುಗಳು ಒಟ್ಟಿಗೆ ಕುಳಿತು ೧೯೨೧ರಲ್ಲಿ ನೀರು ಬಿಡುವ ನಿಯಮಗಳನ್ನು ಸಿದ್ಧಪಡಿಸಿದ ಮೇಲೆಯೇ ೧೯೨೪ರ ಫೆಬ್ರವರಿಯ ಒಪ್ಪಂದ ಸಾಧ್ಯವಾಯಿತು.

ಆ ಒಪ್ಪಂದವೂ ಜಗಳವನ್ನು ಮುಗಿಸಲಿಲ್ಲವೆಂಬುದು ನಿಮಗೆಲ್ಲ ಗೊತ್ತು. ೧೯೯೦ರಲ್ಲಿ ನೇಮಕವಾದ ಕಾವೇರಿ ನ್ಯಾಯಮಂಡಳಿಯ ಮುಂದೆ ಎರಡೂ ರಾಜ್ಯಗಳು ಜಲವಿಜ್ಞಾನಿಗಳನ್ನೂ ಕೃಷಿವಿಜ್ಞಾನಿಗಳನ್ನೂ ಸಾಕ್ಷಿಗಳಾಗಿ ನಿಲ್ಲಿಸಿದವು. ೨೦೦೭ರ ಫೆಬ್ರವರಿ ೫ರಂದು ಅಂತಿಮ ತೀರ್ಪು ಬಂದಿತು. ಅದರಲ್ಲಿ ಬೆಂಗಳೂರಿನ ಮೂರನೆಯ ಒಂದು ಭಾಗ ಮಾತ್ರ ಕಾವೇರಿ ಕಣಿವೆಗೆ ಸೇರಿದ್ದೆಂದು ಎಣಿಸಲಾಯಿತು. ನಗರದ ಕುಡಿಯುವ ನೀರಿನ ಅರ್ಧದಷ್ಟು ಅಂತರ್ಜಲದಿಂದ ಸಿಗುತ್ತದೆಂದು ಊಹಿಸಲಾಯಿತು. ಇದನ್ನು ಓದಿದಾಗ ನನಗೆ ನಗು ಬಂದಿತ್ತು. ಪೀಣ್ಯದ ಸುತ್ತ ಕೊಳವೆಬಾವಿ ಕೊರೆಸಿದವರನ್ನು ಯಾರಾದರೂ ಕೇಳಿದ್ದರೆ ಸಾಕಿತ್ತು. ಲೋಹಲೇಪನದ ಘಟಕಗಳಿಂದ ಇಳಿದ ಕ್ರೋಮಿಯಂ ಇಲ್ಲಿನ ಅಂತರ್ಜಲವನ್ನು ಸೇರಿರುವುದು ಎಷ್ಟೋ ಪರೀಕ್ಷೆಗಳಲ್ಲಿ ಕಂಡುಬಂದ ಸಂಗತಿ. ನಮ್ಮ ಬೀದಿಯಲ್ಲಿ ಆ ನೀರನ್ನು ಕುಡಿಯುವುದಿರಲಿ, ಗಿಡಕ್ಕೆ ಹಾಕಲೂ ಹಿಂಜರಿಯುತ್ತಿದ್ದರು. ೨೦೧೮ರ ಫೆಬ್ರವರಿ ೧೬ರಂದು ಸರ್ವೋಚ್ಚ ನ್ಯಾಯಾಲಯ ಈ ಎರಡು ಎಣಿಕೆಗಳನ್ನೂ ಒಪ್ಪದೆ ಬೆಂಗಳೂರಿಗೆಂದು ೪.೭೫ ಟಿಎಂಸಿ ಹೆಚ್ಚಿಸಿತು. ತಮಿಳುನಾಡಿನ ಅಂತರ್ಜಲದಲ್ಲಿ ೧೦ ಟಿಎಂಸಿಯನ್ನು ಲೆಕ್ಕಕ್ಕೆ ಹಿಡಿಯಿತು. ಒಟ್ಟು ೧೪.೭೫ ಟಿಎಂಸಿ ಕರ್ನಾಟಕದ ಪಾಲಿಗೆ ಸೇರಿತು. ನೆಲದಡಿಯ ನೀರಿನ ಪ್ರಶ್ನೆಗೆ ಈ ಉತ್ತರ ದಕ್ಕುವುದಕ್ಕೆ ಹನ್ನೊಂದು ವರ್ಷ ಬೇಕಾಯಿತು.

ಕಾವೇರಿಯಿಂದ ಮತ್ತೆ ಪೀಣ್ಯದ ಶೆಡ್ಡಿಗೆ ಬರೋಣ.

ಶಿಷ್ಯನ ವಕೀಲರು ಅನುಭವಿಗಳು. ಮೊದಲ ವರದಿಯನ್ನು ನೋಡಿ, ಇದನ್ನು ಹಾಜರುಪಡಿಸುವುದೇ ಬೇಡವೆಂದರು. ಸಿವಿಲ್ ಪ್ರಕ್ರಿಯಾ ಸಂಹಿತೆಯ ೨೬ನೆಯ ಆದೇಶದಲ್ಲಿ ೯ನೆಯ ನಿಯಮ ಸ್ಥಳ ತನಿಖೆಗೆ ಕಮಿಷನರನ್ನು ನೇಮಿಸುವ ಬಗ್ಗೆ ಇದೆ. ಜಮೀನಿನ ಒತ್ತುವರಿ ವ್ಯಾಜ್ಯದಲ್ಲಿ ಸರ್ವೇಯರು ಬಂದು ಅಳೆಯುವುದು ಇದರ ಪ್ರಕಾರವೇ. ೧೯೭೬ರ ತಿದ್ದುಪಡಿಯಲ್ಲಿ '೧೦ಎ' ಎಂಬ ನಿಯಮ ಸೇರಿ, ವೈಜ್ಞಾನಿಕ ತನಿಖೆಗೂ ಹಾಗೆಯೇ ಒಬ್ಬರನ್ನು ನೇಮಿಸಬಹುದಾಯಿತು. ವಕೀಲರು ಅದರಡಿ ಅರ್ಜಿ ಹಾಕಿದರು. ನ್ಯಾಯಾಲಯ ಲೋಹವಿಜ್ಞಾನ ಬಲ್ಲ ನಿವೃತ್ತ ಎಂಜಿನಿಯರೊಬ್ಬರನ್ನು ಕಮಿಷನರಾಗಿ ನೇಮಿಸಿತು. ಅವರ ಶುಲ್ಕವನ್ನು ಅರ್ಜಿ ಹಾಕಿದ ಇವನೇ ಕಟ್ಟಬೇಕು, ಆದರೆ ಅವರು ಇವನ ಮನುಷ್ಯರಲ್ಲ. ನೆದರ್‌ಸೋಲರ ಸಣ್ಣ ಅವತಾರ ಎನ್ನಬಹುದು.

ಇಂಥ ಕಮಿಷನರಿಗೆ ಎರಡೂ ಪಕ್ಷದವರು ತಾವು ಯಾವ ಯಾವ ಅಂಶವನ್ನು ಪರೀಕ್ಷಿಸಬೇಕೆಂದು ಬಯಸುತ್ತೇವೆಂಬ ಪಟ್ಟಿಯನ್ನು ಸಲ್ಲಿಸುತ್ತಾರೆ. ನಮ್ಮ ನ್ಯಾಯಾಲಯಗಳಲ್ಲಿ ಅದನ್ನು 'ಮೆಮೊ ಆಫ್ ಇನ್‌ಸ್ಟ್ರಕ್ಷನ್ಸ್' ಎಂದೇ ಕರೆಯುತ್ತಾರೆ. ಶಿಷ್ಯ ತನ್ನ ಕರಡನ್ನು ಹಿಡಿದುಕೊಂಡು ಮತ್ತೆ ನನ್ನಲ್ಲಿಗೆ ಬಂದ. ಮೊದಲ ಪ್ರಶ್ನೆ ಹೀಗಿತ್ತು: "ವಾದಿಯು ಉಪಯೋಗಿಸಿದ ಕಳಪೆ ಉಕ್ಕಿನಿಂದಲೇ ಶಾಫ್ಟುಗಳು ಮುರಿದಿವೆ ಎಂಬುದು ನಿಜವೇ?"

ಉತ್ತರವನ್ನು ಹೊಟ್ಟೆಯಲ್ಲಿಟ್ಟುಕೊಂಡ ಪ್ರಶ್ನೆ ಅದು. ಪರೀಕ್ಷೆಯಲ್ಲಿ ಹೀಗೆ ಕೇಳಿದ್ದರೆ ಮುಖ್ಯೋಪಾಧ್ಯಾಯರು ನನ್ನನ್ನು ಕರೆಸುತ್ತಿದ್ದರು. ಇಬ್ಬರೂ ಕುಳಿತು ತಿದ್ದಿದೆವು. ಮುರಿದ ಮೂರು ಶಾಫ್ಟುಗಳನ್ನೂ ಮುರಿಯದ ಒಂಬತ್ತರಲ್ಲಿ ಎರಡನ್ನೂ ಉಭಯ ಪಕ್ಷದವರ ಎದುರಿನಲ್ಲಿ ಗುರುತಿಸಿ ಮೊಹರು ಮಾಡಬೇಕು. ಪ್ರತಿಯೊಂದರ ಉಕ್ಕಿನ ಸಂಯೋಜನೆ ಏನು? ಹದ ಮೇಲ್ಮೈಯಿಂದ ಒಳಗಿನವರೆಗೆ ಸಮನಾಗಿದೆಯೇ? ಬಿರುಕು ಎಲ್ಲಿಂದ ಆರಂಭವಾಗಿದೆ? ಅಲ್ಲಿಂದಲೇ ಆರಂಭವಾಗಲು ಕಾರಣವೇನು? ಕೊನೆಯ ಪ್ರಶ್ನೆಯನ್ನು ಸೇರಿಸಿದವನು ನಾನು. "ಇದು ಬೇಕಾ ಸಾರ್?" ಎಂದ. "ಇದಿಲ್ಲದಿದ್ದರೆ ಉಳಿದವುಗಳು ಯಾಕೆ?" ಎಂದೆ. ವಕೀಲರೂ ಒಪ್ಪಿದರು, ಆದರೆ ಅವನನ್ನು ಒಂದು ಕ್ಷಣ ನೋಡಿ, "ನಕ್ಷೆ ನಿಮ್ಮದೇ ಅಲ್ವಾ?" ಎಂದರಂತೆ. ಅದನ್ನು ಅವನು ನನಗೆ ಹೇಳಿದ್ದು ಎಷ್ಟೋ ದಿನಗಳ ಮೇಲೆ.

ಇಂಗ್ಲೆಂಡಿನಲ್ಲಿ ಈ ವಿಷಯ ಒಂದು ಹಡಗಿನ ಮೊಕದ್ದಮೆಯಲ್ಲಿ ಸ್ಪಷ್ಟವಾಯಿತು. ೧೯೮೫ರಲ್ಲಿ 'ಇಕೇರಿಯನ್ ರೀಫರ್' ಎಂಬ ಹಡಗು ಪಶ್ಚಿಮ ಆಫ್ರಿಕದ ಕರಾವಳಿಯಲ್ಲಿ ನೆಲಕ್ಕೆ ತಾಗಿ ಉರಿದುಹೋಯಿತು. ಮಾಲೀಕರೇ ಬೇಕೆಂದು ಸುಟ್ಟರೆಂದು ವಿಮೆಯವರು ಹೇಳಿದರು. ೧೯೯೩ರಲ್ಲಿ ತೀರ್ಪು ಬರೆದ ನ್ಯಾಯಮೂರ್ತಿ ಕ್ರೆಸ್‌ವೆಲ್ ತಜ್ಞ ಸಾಕ್ಷಿಯ ಕರ್ತವ್ಯಗಳನ್ನು ಒಂದೊಂದಾಗಿ ವಿವರಿಸಿದರು. ಅಭಿಪ್ರಾಯ ಸ್ವತಂತ್ರವಾಗಿರಬೇಕು, ತನ್ನ ನಿಲುವಿಗೆ ವಿರುದ್ಧವಾದ ಸಂಗತಿಯನ್ನೂ ಬಿಡಬಾರದು, ತನ್ನ ವಿದ್ಯೆಯ ಹೊರಗಿನದನ್ನು ಹೊರಗಿನದೆಂದೇ ಹೇಳಬೇಕು, ಮನಸ್ಸು ಬದಲಾದರೆ ತಿಳಿಸಬೇಕು ಎಂಬುವು ಅವುಗಳಲ್ಲಿ ಕೆಲವು. ಮೇಲಿನ ನ್ಯಾಯಾಲಯ ಆ ಪ್ರಕರಣದ ಫಲಿತಾಂಶವನ್ನೇ ಬದಲಿಸಿತು, ಆದರೆ ಈ ಕರ್ತವ್ಯಗಳನ್ನು ಎತ್ತಿಹಿಡಿಯಿತು. ೧೯೯೯ರಲ್ಲಿ ಅಲ್ಲಿ ಬಂದ ಹೊಸ ನಿಯಮಗಳು, ತಜ್ಞನ ಮೊದಲ ಕರ್ತವ್ಯ ನ್ಯಾಯಾಲಯಕ್ಕೆ, ಹಣ ಕೊಟ್ಟವನಿಗಲ್ಲ ಎಂದವು. ತನಗೆ ಬಂದ ಸೂಚನೆಗಳ ಸಾರವನ್ನು ವರದಿಯಲ್ಲಿಯೇ ಬರೆಯಬೇಕೆಂದೂ ವಿಧಿಸಿದವು. ಇದು ನನಗೆ ತುಂಬ ಹಿಡಿಸಿತು. ಪ್ರಶ್ನೆಪತ್ರಿಕೆಯನ್ನು ಉತ್ತರಪತ್ರಿಕೆಯ ಜೊತೆಗೆ ಹೊಲಿದುಕೊಟ್ಟ ಹಾಗೆ.

ನಮ್ಮಲ್ಲಿ ಇಷ್ಟು ವಿವರವಾದ ವಿಧಿ ಇಲ್ಲ. ಹಿಮಾಚಲ ಪ್ರದೇಶದ ಸೇಬಿನ ತೋಟಗಳ ಒಂದು ಪ್ರಕರಣದಲ್ಲಿ (೧೯೯೯), ತಜ್ಞನ ಕೆಲಸ ತೀರ್ಪು ಕೊಡುವುದಲ್ಲ, ನ್ಯಾಯಾಧೀಶರು ಸ್ವತಃ ನಿರ್ಣಯಿಸಲು ಬೇಕಾದ ಶಾಸ್ತ್ರೀಯ ಅಳತೆಗೋಲನ್ನು ಒದಗಿಸುವುದು ಎಂಬ ಅರ್ಥದ ಮಾತನ್ನು ಸರ್ವೋಚ್ಚ ನ್ಯಾಯಾಲಯ ಹೇಳಿದೆ. ೨೦೨೪ರ ಜುಲೈ ೧ರಿಂದ ಹಳೆಯ ಸಾಕ್ಷ್ಯ ಅಧಿನಿಯಮದ ಸ್ಥಾನದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮ, ೨೦೨೩ ಬಂದಿದೆ. ಅದರ ೩೯ನೆಯ ಪ್ರಕರಣ ವಿಜ್ಞಾನ, ಕಲೆಗಳ ಜೊತೆಗೆ 'ಇನ್ನಾವುದೇ ಕ್ಷೇತ್ರ' ಎಂಬ ಮಾತನ್ನು ಸೇರಿಸಿ ಬಾಗಿಲನ್ನು ಅ‌ಗಲಿಸಿದೆ. ಯಾಜ್ಞವಲ್ಕ್ಯನ ದನಗಾಹಿ ಈಗ ಮತ್ತೆ ಒಳಗೆ ಬರಬಹುದೇನೋ.

ಕಮಿಷನರ ವರದಿ ಎಂಟು ತಿಂಗಳ ನಂತರ ಬಂದಿತು. ಹದಿನಾಲ್ಕು ಪುಟ. ಮುರಿದ ಮುಖದ ಚಿತ್ರಗಳಿದ್ದವು. ಸಮುದ್ರದ ಅಲೆ ಮರಳಿನ ಮೇಲೆ ಬಿಟ್ಟುಹೋಗುವ ಗೆರೆಗಳಂತೆ ಒಂದರ ಹಿಂದೆ ಒಂದು ಬಾಗಿದ ಗೆರೆಗಳು. ಒಮ್ಮೆಗೇ ಮುರಿದದ್ದಲ್ಲ, ಲಕ್ಷಾಂತರ ಸುತ್ತು ತಿರುಗುತ್ತ ದಣಿದು, ಕೂದಲೆಳೆಯಷ್ಟು ದಿನದಿನವೂ ಸೀಳುತ್ತ ಬಂದದ್ದು ಎಂಬುದಕ್ಕೆ ಆ ಗೆರೆಗಳೇ ಗುರುತೆಂದು ವಿವರಿಸಿದ್ದರು. ಮೂರರಲ್ಲಿಯೂ ಬಿರುಕು ಹುಟ್ಟಿದ್ದು, ದಪ್ಪ ಭಾಗ ತೆಳುವಾಗುವ ಮೂಲೆಯಲ್ಲಿ. ಒಂದು ಶಾಫ್ಟಿನ ಉಕ್ಕು ಇಎನ್ ೨೪ ಆಗಿರಲೇ ಇಲ್ಲ, ಬೇರೆ ಅಗ್ಗದ ಜಾತಿ. ಉಳಿದೆರಡರ ಉಕ್ಕು ಸರಿಯಾಗಿತ್ತು, ಹದವೂ ಸರಿಯಾಗಿತ್ತು. ಆ ಮೂಲೆಯನ್ನು ನುಣುಪಾಗಿ ಬಾಗಿಸಬೇಕಿತ್ತು, ಅದು ಚೂಪಾಗಿಯೇ ಉಳಿದಿತ್ತು. ಬಾಗಿನ ಅಳತೆ ನಕ್ಷೆಯಲ್ಲಿ ನಮೂದಾಗಿರಲಿಲ್ಲ. ನಕ್ಷೆಯಲ್ಲಿ ಇಲ್ಲದ್ದನ್ನು ಮಾಡಿಕೊಡದಿರುವುದು ತಯಾರಕರ ತಪ್ಪೆನ್ನಲಾಗದು ಎಂದು ಕಮಿಷನರು ಬರೆದಿರಲಿಲ್ಲ. ಅದು ಅವರ ಕೆಲಸವಲ್ಲ. ಅಳತೆ ಇಲ್ಲ ಎಂದಷ್ಟೇ ಬರೆದು ನಿಲ್ಲಿಸಿದ್ದರು.

ವರದಿ ಓದಿದ ದಿನ ಅವನು ನನಗೆ ಫೋನು ಮಾಡಲಿಲ್ಲ. ಮೂರನೆಯ ದಿನ ಬಂದ. ಕಾಫಿ ಮುಗಿಯುವವರೆಗೆ ಮಾತಿಲ್ಲ. ಆಮೇಲೆ, "ಆ ಕೊನೇ ಪ್ರಶ್ನೆ ನೀವು ಹಾಕಿಸದೇ ಇದ್ದಿದ್ರೆ ನಾನು ಗೆದ್ದಿರ್ತಿದ್ದೆ ಸಾರ್" ಎಂದ. ಸಿಟ್ಟಿನಿಂದ ಹೇಳಿದ್ದಲ್ಲ, ಲೆಕ್ಕ ಹೇಳುವವನ ಹಾಗೆ ಹೇಳಿದ. ನನಗೆ ಉತ್ತರ ಹೊಳೆಯಲಿಲ್ಲ. ಆ ಪ್ರಶ್ನೆಯನ್ನು ನಾವು ಕೇಳದಿದ್ದರೆ ಎದುರು ಪಕ್ಷದವರು ಕೇಳುತ್ತಿದ್ದರು ಎಂದೆ. ಅವರ ಪಟ್ಟಿಯಲ್ಲಿ ಅದಿರಲಿಲ್ಲವೆಂಬುದು ಇಬ್ಬರಿಗೂ ಗೊತ್ತಿತ್ತು.

ವ್ಯಾಜ್ಯ ರಾಜಿಯಲ್ಲಿ ಮುಗಿಯಿತು. ಅಗ್ಗದ ಉಕ್ಕಿನ ಒಂದು ಶಾಫ್ಟಿಗೂ ಅದರಿಂದಾದ ನಷ್ಟಕ್ಕೂ ಸ್ವಲ್ಪ ಕಳೆದು, ಉಳಿದ ಹಣವನ್ನು ಇವನು ಕೊಡಬೇಕಾಯಿತು. ಗಿರಾಕಿಗೆ ಎರಡು ಶಾಫ್ಟುಗಳನ್ನು ಸ್ವಂತ ಖರ್ಚಿನಲ್ಲಿ ಹೊಸದಾಗಿ ಮಾಡಿಕೊಟ್ಟ. ಇವಕ್ಕೆಲ್ಲ ಹಣ ಹೊಂದಿಸಲು ಮಿಲ್ಲಿಂಗ್ ಯಂತ್ರವೊಂದನ್ನು ಮಾರಿದ. ಅದನ್ನು ಅವನ ತಂದೆ ತಮ್ಮ ಭವಿಷ್ಯನಿಧಿಯ ಹಣದಿಂದ ಕೊಡಿಸಿದ್ದರು. ಈ ಸಂಗತಿಯನ್ನು ಅವನಲ್ಲ, ಅವನ ತಾಯಿ ಒಂದು ಮದುವೆಯ ಮನೆಯಲ್ಲಿ ನನ್ನ ಹೆಂಡತಿಗೆ ಹೇಳಿದ್ದು.

ಅವನು ಈಗಲೂ ಪೀಣ್ಯದಲ್ಲಿಯೇ ಇದ್ದಾನೆ, ಶೆಡ್ಡು ದೊಡ್ಡದಾಗಿದೆ. ಮಿಲ್ಲಿಂಗ್ ಯಂತ್ರದ ಜಾಗದಲ್ಲಿ ಕಂಪ್ಯೂಟರಿನಿಂದ ನಡೆಯುವ ಯಂತ್ರ ಬಂದಿದೆ. ವಿಜಯದಶಮಿಯ ಹಿಂದಿನ ದಿನ ಆಯುಧಪೂಜೆಗೆ ಪ್ರತಿವರ್ಷ ಕರೆಯುತ್ತಾನೆ, ಹೋಗುತ್ತೇನೆ. ಕಳೆದ ಬಾರಿ ಹೋದಾಗ ಹೊಸದಾಗಿ ಸೇರಿದ ಹುಡುಗನೊಬ್ಬನಿಗೆ ನಕ್ಷೆಯನ್ನು ಹಿಂತಿರುಗಿಸಿ, "ರೇಡಿಯಸ್ ಎಲ್ಲೋ? ಮೂಲೆ ಅಂದಮೇಲೆ ರೇಡಿಯಸ್ ಬರೀಬೇಕು" ಎಂದು ಗದರುತ್ತಿದ್ದ. ನನ್ನನ್ನು ಕಂಡು ಮಾತು ನಿಲ್ಲಿಸಿ ಕುರ್ಚಿ ಎಳೆದುಕೊಟ್ಟ.